ಫೋಟೋದಲ್ಲಿ ಗಾಡಿ ನಂಬರ್ ಬೇಕೇ?



ಆಯುಧಪೂಜೆ ಬಂತೆಂದರೆ ನಮ್ಮೂರಲ್ಲಿ ಸೈಕಲ್‌ನಿಂದ ಟ್ರ್ಯಾಕ್ಟರ್ ತನಕ ಎಲ್ಲಕ್ಕೂ ಚೆಂಡುಹೂವಿನ ಹಾರ. ಮರುಗಳಿಗೆಯೇ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ. ಹಾರ ನಂಬರ್ ಪ್ಲೇಟನ್ನು ಮುಚ್ಚಿದರೆ ಸರಿಸಿ ಫೋಟೋ ತೆಗೆಯುವವರೂ ಉಂಟು! ಫೋಟೋ ಮುಗಿಯುವ ತನಕ ಹಾರ ಅಲ್ಲೇ ಇರಲಿ ಎಂಬುದು ನನ್ನ ಅಭಿಪ್ರಾಯ. (ರಸ್ತೆಗೆ ಇಳಿಸುವಾಗ ಮಾತ್ರ ತೆಗೀಬೇಕು, ಇಲ್ಲಾಂದ್ರೆ ದಂಡ.)

"ರಸ್ತೇಲಿ ಎಲ್ರೂ ನೋಡೋ ನಂಬರ್ ತಾನೇ, ಮುಚ್ಚಿ ಏನು ಪ್ರಯೋಜನ?" ಅಂತ ಕೆಲವರು ಕೇಳ್ತಾರೆ. ಕೇಳತಕ್ಕ ಮಾತೇ. ಆದರೆ ರಸ್ತೆಯಲ್ಲಿ ನೋಡಿದವರು ಸಂಜೆಗೆ ಮರೆಯುತ್ತಾರೆ. ಫೋಟೋದಲ್ಲಿ ನಂಬರಿನ ಜೊತೆ ಗಾಡಿಯ ಬಣ್ಣ, ಮಾಡೆಲ್, ನಮ್ಮ ಮನೆ, ಅಪ್ಪನ ಮುಖ ಎಲ್ಲಾ ಒಟ್ಟಿಗೆ ಸಿಗುತ್ತವೆ. ಅಂಥದೇ ಬೈಕ್ ಇರುವ ಕಳ್ಳ ಆ ನಂಬರನ್ನೇ ಬರೆಸಿಕೊಂಡರೆ? ಅವನು ಸಿಗ್ನಲ್ ಹಾರಿದರೆ ನೋಟಿಸ್ ಬರೋದು ಅಪ್ಪನ ಹೆಸರಿಗೆ. ಬೆಂಗಳೂರಿನಲ್ಲಿ ಇಂಥವು ನಡೆದಿವೆ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಹಾಲೋಗ್ರಾಮ್ ಇರುವ ಪ್ಲೇಟ್ ಬಂದಿದೆ, ನಿಜ. ಆದರೆ ಸಿಗ್ನಲ್ ಕ್ಯಾಮೆರಾ ಓದುವುದು ನಂಬರನ್ನು, ಹಾಲೋಗ್ರಾಮನ್ನಲ್ಲ.

ಪಕ್ಕದಲ್ಲಿ ನಿಂತ ಮೇಷ್ಟ್ರ ಸ್ಕೂಟರ್ ನಂಬರೂ ನಮ್ಮ ಫೋಟೋದಲ್ಲಿ ಬೀಳುತ್ತೆ. ಅವರನ್ನು ಕೇಳಿದವರು ಯಾರು?

ಗಾಡಿ ಮಾರುವವರ ಕಷ್ಟ ಬೇರೆ. ಕೊಳ್ಳುವವರು ವಿಮೆ, ಹಳೇ ದಂಡ ಎಲ್ಲಾ ನೋಡೋಕೆ ನಂಬರ್ ಕೇಳುತ್ತಾರೆ. ನಿಜವಾಗಿ ಕೊಳ್ಳಲು ಬಂದವರಿಗೆ ಹೇಳಿದರಾಯಿತು, ಊರಿಗೆಲ್ಲಾ ಹಂಚಬೇಕಿಲ್ಲ. ಇನ್ನು ಯಾರಾದರೂ ಗುದ್ದಿ ಓಡಿದರೆ ಪೊಲೀಸರಿಗೆ ಕೊಡುವ ಫೋಟೋದಲ್ಲಿ ನಂಬರ್ ಸ್ಪಷ್ಟವಾಗಿ ಇರಲೇಬೇಕು. ಅದನ್ನು ಠಾಣೆಗೆ ಕೊಡಿ, ಸ್ಟೇಟಸ್‌ಗಲ್ಲ.

- 9ನೇ ತರಗತಿ ವಿದ್ಯಾರ್ಥಿನಿ