ಇತಿಹಾಸ ನಾಟಕಕ್ಕೆ ಕತ್ತರಿ ಏಕೆ?

ಶೇಕ್ಸ್‌ಪಿಯರನ ಚಾರಿತ್ರಿಕ ನಾಟಕಗಳಿಗೆ ಇಂದಿನ ಉಡುಪು ತೊಡಿಸುವುದು ಕವಿಗೆ ಬಗೆಯುವ ದ್ರೋಹವೆಂದು ವಾದಿಸುವ ವಿದ್ಯಾವಂತರಿದ್ದಾರೆ. ನಾನು ಈ ವಾದವನ್ನು ಸರ್ವಥಾ ಒಪ್ಪಲಾರೆ.

ಲಂಡನ್ನಿನ ನ್ಯಾಷನಲ್ ಥಿಯೇಟರಿನ ನಿರ್ದೇಶಕರಾಗಿದ್ದ ನಿಕೋಲಸ್ ಹೈಟ್ನರ್ ಅವರು 2017ರಲ್ಲಿ ಪ್ರಕಟವಾದ 'ಬ್ಯಾಲೆನ್ಸಿಂಗ್ ಆಕ್ಟ್ಸ್' ಎಂಬ ನೆನಪುಗಳ ಗ್ರಂಥದಲ್ಲಿ, ತಾವು ಆಡಿಸಿದ 'ಐದನೆಯ ಹೆನ್ರಿ'ಯನ್ನು ಹಿಂದಿರುಗಿ ನೋಡಿದ್ದಾರೆ. ಆ ಪ್ರಯೋಗ ರಂಗಕ್ಕೆ ಬಂದದ್ದು 2003ರ ಮೇ ತಿಂಗಳಿನಲ್ಲಿ. ಬ್ರಿಟನ್ನಿನ ಸೈನ್ಯ ಇರಾಕನ್ನು ಹೊಕ್ಕದ್ದು ಅದೇ ವರ್ಷದ ಮಾರ್ಚಿನಲ್ಲಿ. ಹೆನ್ರಿಯ ಪಾತ್ರಧಾರಿ ಏಡ್ರಿಯನ್ ಲೆಸ್ಟರ್ ಇಂದಿನ ಸೈನಿಕನ ಸಮವಸ್ತ್ರ ಧರಿಸಿದರು. ರಂಗದ ಮೇಲೆ ಜೀಪುಗಳು ಬಂದವು. ಇದು ನಾಟಕವೋ ವಾರ್ತಾಪ್ರಸಾರವೋ ಎಂದು ಮೂಗು ಮುರಿಯುವವರು ಮೂಲವನ್ನೊಮ್ಮೆ ಪೂರ್ತಿಯಾಗಿ ಓದಲಿ.

ಆ ನಾಟಕದ ಮೊದಲ ದೃಶ್ಯದಲ್ಲಿ ಏನಿದೆ? ಚರ್ಚಿನ ಭೂಮಿಯನ್ನು ಕಸಿಯುವ ಮಸೂದೆಯೊಂದು ಬಂದಿದೆ. ಅದನ್ನು ತಪ್ಪಿಸಿಕೊಳ್ಳಲು ಆರ್ಚ್‌ಬಿಷಪ್ ಮಹಾಶಯರು ರಾಜನ ಫ್ರಾನ್ಸ್ ದಂಡಯಾತ್ರೆಗೆ ಭಾರಿ ಧನವನ್ನು ಒಪ್ಪಿಸಲು ಸಿದ್ಧರಾಗುತ್ತಾರೆ; ಬಳಿಕ ಆ ಯುದ್ಧ ಧರ್ಮಸಮ್ಮತವೆಂದು ಉದ್ದನೆಯ ವಂಶಾವಳಿಯ ಆಧಾರ ಕೊಡುತ್ತಾರೆ. ಯುದ್ಧಕ್ಕೆ ಕಾರಣವನ್ನು ಹೊಂದಿಸಿಕೊಡುವ ಈ ಕಲೆಯನ್ನು ಹೈಟ್ನರ್ ಹೊಸದಾಗಿ ಸೇರಿಸಲಿಲ್ಲ, ಕವಿಯೇ ಬರೆದಿಟ್ಟಿದ್ದಾನೆ.

ಅಷ್ಟೇ ಅಲ್ಲ. 1415ರ ಯುದ್ಧದ ಕಥೆಯನ್ನು 1599ರಲ್ಲಿ ಬರೆದ ಕವಿ, ಐದನೆಯ ಅಂಕದ ಆರಂಭದಲ್ಲಿ ಐರ್ಲೆಂಡಿನಿಂದ ಮರಳಲಿರುವ ರಾಣಿಯ ಸೇನಾನಿಯನ್ನು ಸ್ಮರಿಸುತ್ತಾನೆ. ಆತ ಎಸೆಕ್ಸಿನ ಅರ್ಲ್ ಎಂಬುದು ಬಹುಪಾಲು ವಿದ್ವಾಂಸರ ಮತ. ಹಳೆಯ ಕಥೆಯೊಳಗೆ ತನ್ನ ಕಾಲವನ್ನು ಮೊದಲು ತಂದವನು ಶೇಕ್ಸ್‌ಪಿಯರನೇ ಅಲ್ಲವೆ?

ನಿಜವಾಗಿ ಪ್ರಶ್ನಿಸಬೇಕಾದದ್ದು ಉಡುಪನ್ನಲ್ಲ, ಕತ್ತರಿಯನ್ನು. ಲಾರೆನ್ಸ್ ಒಲಿವಿಯರ್ 1944ರಲ್ಲಿ ಇದೇ ನಾಟಕವನ್ನು ಮಧ್ಯಯುಗದ ವೇಷಭೂಷಣಗಳಲ್ಲೇ ಚಿತ್ರವಾಗಿಸಿದರು. ಆದರೆ ಹಾರ್ಫ್ಲರ್ ನಗರ ಶರಣಾಗದಿದ್ದರೆ ಹಸುಗೂಸುಗಳನ್ನು ಈಟಿಗೇರಿಸಲಾಗುವುದೆಂಬ ಹೆನ್ರಿಯ ಬೆದರಿಕೆ ಅದರಲ್ಲಿಲ್ಲ. ಸೆರೆಯಾಳುಗಳನ್ನು ಕೊಲ್ಲಿರೆಂಬ ಆಜ್ಞೆಯೂ ಇಲ್ಲ. ದೇಶ ಯುದ್ಧದಲ್ಲಿದ್ದಾಗ ಜನರಿಗೆ ಧೈರ್ಯ ತುಂಬಬೇಕಾಗಿತ್ತು, ನಿಜ. ಹಾಗೆಂದು ಪ್ರಾಚೀನ ಕವಚ ತೊಟ್ಟ ಆ ಹೆನ್ರಿಯೇ ಶುದ್ಧ, ಸಮವಸ್ತ್ರದ ಹೆನ್ರಿ ಕಲಬೆರಕೆ ಎನ್ನುವುದು ಯಾವ ನ್ಯಾಯ?

ಯುದ್ಧದ ಹಿಂದಿನ ರಾತ್ರಿ ವೇಷ ಮರೆಸಿಕೊಂಡು ಬಂದ ರಾಜನೊಡನೆ ವಿಲಿಯಮ್ಸ್ ಎಂಬ ಸಾಮಾನ್ಯ ಸಿಪಾಯಿ ವಾದಿಸುವ ಪ್ರಸಂಗವನ್ನು ಶಾಲಾ ವಾರ್ಷಿಕೋತ್ಸವಕ್ಕೆ ನಾನು ಆಡಿಸಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಯುದ್ಧದ ಕಾರಣ ನ್ಯಾಯವಲ್ಲದಿದ್ದರೆ ಸತ್ತವರ ಲೆಕ್ಕವನ್ನು ರಾಜನೇ ಒಪ್ಪಿಸಬೇಕಾದೀತು ಎಂಬುದು ಅವನ ಮಾತಿನ ಸಾರ. ಅದನ್ನು ಬಿಟ್ಟು ರಾಜನ ವೀರಭಾಷಣವನ್ನಷ್ಟೇ ಇಡಿ ಎಂದು ಹಿರಿಯರೊಬ್ಬರು ಸೂಚಿಸಿದ್ದರು. ನಾನು ಬಿಡಲಿಲ್ಲ. ಇಂದು ಕೇಳಿದರೂ ಬಿಡುವುದಿಲ್ಲ.

ನಿಮ್ಮಲ್ಲಿ ಈಗ ಅಧ್ಯಾಪಕರಾಗಿರುವವರಿಗೆ ನನ್ನ ಬಿನ್ನಹವಿಷ್ಟೆ: ಮಕ್ಕಳಿಗೆ ಹೆನ್ರಿಯ ಭಾಷಣವನ್ನು ಅವಶ್ಯ ಕಂಠಪಾಠ ಮಾಡಿಸಿ, ಜೊತೆಗೆ ವಿಲಿಯಮ್ಸನ ಪ್ರಶ್ನೆಯನ್ನೂ ಓದಿಸಿ.