‘ಉಣ್ಣಿ ಅದ, ಬಿಡು’ ಅನ್ನುವುದನ್ನು ಬಿಡೋಣ

ನಮ್ಮ ಕಾಲೇಜಿಗೆ ದೇವದುರ್ಗ, ಮಾನ್ವಿ ಕಡೆಯಿಂದ ಬಸ್ಸಿನಲ್ಲಿ ಬರುವವರು ಬಹಳ ಮಂದಿ. ರಾಯಚೂರಿನಲ್ಲಿ ರೂಮು ಮಾಡಿಕೊಂಡವರೂ ಶನಿವಾರ ಬಂತೆಂದರೆ ಊರಿನ ಬಸ್ಸು ಹತ್ತುತ್ತಾರೆ. ಮನೆಯಲ್ಲಿ ಒಂದು ಎಮ್ಮೆಯೋ ಎರಡು ಮೇಕೆಯೋ ಇಲ್ಲದವರು ನಮ್ಮಲ್ಲಿ ಕಡಿಮೆ. ಅವುಗಳ ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿಯಲ್ಲಿ ಉಣ್ಣಿ ಕಚ್ಚಿಕೊಂಡಿರುವುದನ್ನು ಎಲ್ಲರೂ ನೋಡಿದ್ದೇವೆ. ನೋಡಿ, ‘ಉಣ್ಣಿ ಅದ, ಬಿಡು’ ಎಂದು ಸುಮ್ಮನಾಗಿದ್ದೇವೆ. ಈ ಮಾತನ್ನು ಇನ್ನು ಬಿಡಬೇಕು ಎಂಬುದು ನನ್ನ ಅಭಿಪ್ರಾಯ.

ಹೋದ ಮಳೆಗಾಲದಲ್ಲಿ ನಮ್ಮ ಮನೆಯ ಮಿಶ್ರತಳಿ ಹಸು ಸತ್ತಿತು. ಸಾಲ ಮಾಡಿ ತಂದಿದ್ದ ಹಸು. ನನ್ನ ಕಾಲೇಜಿನ ಫೀಸು, ತಂಗಿಯ ಬಸ್ ಪಾಸು ಅದರ ಹಾಲಿನಿಂದಲೇ ನಡೆಯುತ್ತಿತ್ತು. ಮೊದಲ ದಿನ ಅದರ ಮೈ ಸುಡುತ್ತಿತ್ತು, ಮೇವು ಮುಟ್ಟಲಿಲ್ಲ. ಭುಜದ ಮುಂದೆ ನಿಂಬೆಹಣ್ಣಿನಷ್ಟು ಗಂಟು ಊದಿತ್ತು. ದಾದಿ ದೃಷ್ಟಿ ತಾಗಿದೆ ಎಂದರು. ಅಬ್ಬಾ ಹತ್ತಿಗೆ ಹೊಡೆಯುವ ಔಷಧವನ್ನೇ ನೀರಿಗೆ ಬೆರೆಸಿ ಮೈಗೆ ಒರೆಸಿದರು. ನಾಲ್ಕನೇ ದಿನ ಪಶುವೈದ್ಯರು ಬಂದು ನೋಡಿ, ಇದು ಉಣ್ಣಿಯಿಂದ ಬರುವ ಥೈಲೇರಿಯಾ ಎಂದರು. ಎರಡು ದಿನ ಮೊದಲೇ ಕರೆದಿದ್ದರೆ ಉಳಿಸಬಹುದಿತ್ತೇನೋ ಎಂದೂ ಹೇಳಿದರು. ಗಂಟನ್ನು ಮೊದಲು ಕಂಡವನು ನಾನು. ಜೀವಶಾಸ್ತ್ರ ಓದುವವನೂ ಮನೆಯಲ್ಲಿ ನಾನೊಬ್ಬನೇ. ಆದರೂ ಸುಮ್ಮನಿದ್ದೆ.

ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉಣ್ಣಿ ಕೀಟವಲ್ಲ. ಬೆಳೆದ ಉಣ್ಣಿಗೆ ಎಂಟು ಕಾಲು, ಅದು ಜೇಡ, ಚೇಳುಗಳ ಬಳಗಕ್ಕೆ ಸೇರಿದ್ದು. ದನದ ಮೈಮೇಲೆ ಸಾಮಾನ್ಯವಾಗಿ ಕಾಣುವ ರಿಪಿಸೆಫಾಲಸ್ ಜಾತಿಯ ಹೆಣ್ಣು ರಕ್ತ ಕುಡಿದು, ಊದಿ, ನೆಲಕ್ಕೆ ಬಿದ್ದು ಎರಡು ಮೂರು ಸಾವಿರ ಮೊಟ್ಟೆಯಿಟ್ಟು ಸಾಯುತ್ತದೆ. ಇದು ಹರಡುವ ಬೆಬೆಸಿಯಾ ರೋಗದಲ್ಲಿ ದನದ ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಥೈಲೇರಿಯಾ ಹರಡುವುದು ಹಯಲೊಮ್ಮ ಎಂಬ ಇನ್ನೊಂದು ಜಾತಿ. ಅದು ಹೊಟ್ಟೆ ತುಂಬಿದ ಮೇಲೆ ಕೊಟ್ಟಿಗೆ ಗೋಡೆಯ ಬಿರುಕಿನಲ್ಲಿ, ಗೋದಲಿಯ ಸಂದಿಯಲ್ಲಿ ಅಡಗುತ್ತದೆ. ಅಂದರೆ ನಾವು ಹಸುವಿನ ಮೈ ಒರೆಸುತ್ತಿದ್ದಾಗ ಶತ್ರು ಗೋಡೆಯೊಳಗೆ ಕುಳಿತಿತ್ತು. ನಾಟಿ ದನಗಳು ಈ ರೋಗವನ್ನು ಒಂದಷ್ಟು ತಡೆದುಕೊಳ್ಳುತ್ತವೆ, ಮಿಶ್ರತಳಿಗಳು ಬೇಗ ಬೀಳುತ್ತವೆ. ಹೆಚ್ಚು ಹಾಲು ಬೇಕೆಂದು ತಳಿ ಬದಲಿಸಿದೆವು, ಕೊಟ್ಟಿಗೆಯನ್ನು ಮಾತ್ರ ಹಳೆಯದೇ ಇಟ್ಟುಕೊಂಡೆವು.

ಇದು ಹೊಸ ವಿದ್ಯೆಯೇನೂ ಅಲ್ಲ. ದನಗಳ ಜ್ವರಕ್ಕೆ ಉಣ್ಣಿಯೇ ವಾಹಕ ಎಂದು ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲೇ ತೋರಿಸಿಕೊಟ್ಟರು. ನಮಗೆ ಹತ್ತಿರದ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡದ್ದು ಅದಾದ ನಾಲ್ಕು ವರ್ಷಕ್ಕೆ. ಸೊಳ್ಳೆಯ ಪಾಠ ಮನೆಮನೆಗೆ ಮುಟ್ಟಿತು. ಉಣ್ಣಿಯ ಪಾಠ ಇನ್ನೂ ಕೊಟ್ಟಿಗೆಗೆ ಮುಟ್ಟಿಲ್ಲ.

ನಮ್ಮ ರಾಜ್ಯದಲ್ಲೇ ಉಣ್ಣಿ ಮನುಷ್ಯರನ್ನೂ ಕೊಂದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಊರುಗಳ ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದಾಗ ಸಿಕ್ಕಿದ್ದು ಉಣ್ಣಿಯಿಂದ ಹರಡುವ ಹೊಸ ವೈರಸ್. ಜನ ಅದನ್ನು ಮಂಗನ ಕಾಯಿಲೆ ಎಂದು ಕರೆದರು. ಪಾಪ, ಮಂಗ ಅದನ್ನು ಹುಟ್ಟಿಸಿದ್ದಲ್ಲ, ಅದೂ ನಮ್ಮಂತೆ ಸಾಯುವ ಜೀವ. ಸತ್ತ ಮಂಗನ ಮೈಯಿಂದ ಉಣ್ಣಿಗಳು ಉದುರಿ ಆ ಜಾಗವೇ ಅಪಾಯದ್ದಾಗುತ್ತದೆ. ಕಾಡಿಗೆ ಮೇಯಲು ಹೋಗುವ ದನಗಳಿಗೆ ಆ ಕಾಯಿಲೆ ಬಾರದಿದ್ದರೂ, ಅವುಗಳ ರಕ್ತ ಕುಡಿದು ಉಣ್ಣಿಗಳ ಸಂಖ್ಯೆ ಬೆಳೆಯುತ್ತದೆ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆ ಮತ್ತೆ ಸಾವುಗಳಾದವು.

‘ಅದು ಮಲೆನಾಡಿನ ಮಾತು, ನಮ್ಮದು ಬಯಲುಸೀಮೆ’ ಎಂದು ಗೆಳೆಯರು ಹೇಳುತ್ತಾರೆ. ನಿಜ, ಕ್ಯಾಸನೂರಿನ ಕಾಡು ನಮ್ಮಲ್ಲಿಲ್ಲ. ಆದರೆ ಹಯಲೊಮ್ಮ ಒಣನಾಡಿನ ಉಣ್ಣಿಯೇ. 2011ರಲ್ಲಿ ಗುಜರಾತಿನಲ್ಲಿ ಕ್ರಿಮಿಯನ್ ಕಾಂಗೋ ಜ್ವರ ಪತ್ತೆಯಾದಾಗ ರೋಗಿಯ ಜೊತೆಗೆ ಚಿಕಿತ್ಸೆ ಕೊಟ್ಟ ವೈದ್ಯರೂ ದಾದಿಯೂ ತೀರಿಕೊಂಡರು. ಅದರ ವಾಹಕವೂ ಇದೇ ಹಯಲೊಮ್ಮ ಬಳಗ. ಆ ವೈರಸ್ ಹೊತ್ತ ಕುರಿ, ಮೇಕೆ, ದನಗಳು ನೋಡಲು ಆರೋಗ್ಯವಾಗಿಯೇ ಇರುತ್ತವೆ. ಅದಕ್ಕೇ ಬಕ್ರೀದಿಗೆ ಸಂತೆಯಿಂದ ತಂದ ಕುರಿಯ ಕಿವಿ, ಬಗಲು ನೋಡಿ ಉಣ್ಣಿ ಇದ್ದರೆ ವೈದ್ಯರಿಗೆ ತೋರಿಸಿ ಔಷಧ ಹಾಕಿಸುವುದು, ಜಬಹ್ ಮಾಡುವಾಗ ಕೈಗವಸು ತೊಡುವುದು, ಚಿಕ್ಕ ಮಕ್ಕಳನ್ನು ರಕ್ತದಿಂದ ದೂರ ಇಡುವುದು ಒಳ್ಳೆಯದು. ಕುರ್ಬಾನಿಯ ಪ್ರಾಣಿಯನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದು ಚಿಕ್ಕಂದಿನಿಂದ ಕೇಳಿದ್ದೇವೆ. ಇದೂ ಆ ಆರೈಕೆಯೇ.

ನಾನು ರೈತರನ್ನು ದೂರುತ್ತಿಲ್ಲ. ವೈದ್ಯರು ದೂರ, ಹತ್ತಿಯ ಔಷಧ ಕೈಗೆಟುಕುವಷ್ಟು ಹತ್ತಿರ. ಆದರೆ ಬೆಳೆಗೆ ಹೊಡೆಯುವ ವಿಷ ದನದ ಚರ್ಮದಿಂದ ಒಳಗೆ ಇಳಿಯುತ್ತದೆ, ಹಾಲಿಗೂ ಬರಬಹುದು. ದನಕ್ಕೆಂದೇ ಇರುವ ಔಷಧವನ್ನೂ ಅಳತೆ ತಪ್ಪಿಸಿ ಪದೇಪದೇ ಹಾಕಿದರೆ ಉಣ್ಣಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆಗ ವಿಷ ಉಳಿಯುತ್ತದೆ, ಗುಣ ಹೋಗುತ್ತದೆ.

ನಮ್ಮಿಂದ ಆಗುವ ಕೆಲಸ ಇಷ್ಟು. ಊರಿಗೆ ಹೋದಾಗ ಕೊಟ್ಟಿಗೆಯ ಬಿರುಕುಗಳನ್ನು ಮಣ್ಣಿನಿಂದಲೋ ಸಿಮೆಂಟಿನಿಂದಲೋ ಮುಚ್ಚುವುದು. ದನದ ಕಿವಿ, ಕೆಚ್ಚಲು, ಬಾಲದ ಬುಡ ನೋಡುವುದು. ಕಿತ್ತ ಉಣ್ಣಿಯನ್ನು ಉಗುರಿನಲ್ಲಿ ಹಿಚುಕದೆ ಸೋಪಿನ ನೀರಿಗೆ ಹಾಕುವುದು. ಜ್ವರ, ಊದಿದ ಗಂಟು, ಬಣ್ಣ ತಿರುಗಿದ ಮೂತ್ರ ಕಂಡರೆ ಅದೇ ದಿನ 1962ಕ್ಕೆ ಫೋನ್ ಮಾಡಿ ಪಶುವೈದ್ಯರನ್ನು ಕರೆಯುವುದು. ಥೈಲೇರಿಯಾಕ್ಕೆ ಲಸಿಕೆಯೂ ಇದೆ, ಮಿಶ್ರತಳಿ ಸಾಕುವವರು ವಿಚಾರಿಸಬೇಕು. ನಮ್ಮ ಜೀವಶಾಸ್ತ್ರ ವಿಭಾಗದವರು ಮಳೆಗಾಲಕ್ಕೆ ಮುಂಚೆ ಒಬ್ಬ ಪಶುವೈದ್ಯರನ್ನು ಕರೆಸಿ ಒಂದು ತಾಸು ಮಾತಾಡಿಸಿದರೆ, ಆ ಮಾತು ಸೋಮವಾರದೊಳಗೆ ಹತ್ತಾರು ಹಳ್ಳಿಗಳ ಕೊಟ್ಟಿಗೆ ಸೇರುತ್ತದೆ. ಅದನ್ನು ಒಯ್ಯುವ ಬಸ್ಸಿನಲ್ಲಿ ನಾವೇ ಕುಳಿತಿರುತ್ತೇವೆ.

ಅಬ್ಬಾ ಈಗ ಇನ್ನೊಂದು ಹಸು ತರುವ ಯೋಚನೆಯಲ್ಲಿದ್ದಾರೆ. ಮೊದಲು ಗೋಡೆ ಮೆತ್ತೋಣ ಎಂದು ಹೇಳಿದ್ದೇನೆ. ಈ ಭಾನುವಾರ ಮಣ್ಣು ಕಲಸುವ ಕೆಲಸ ನನ್ನದು.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ