ನದಿಗೆ ಸ್ಟಾರ್ ಕೊಡುವವರಿಗೆ ಒಂದು ಮಾತು

ಜನವರಿಯಲ್ಲಿ ಯಾರೋ ಬಂದಿರ್ತಾರೆ, ಕಟ್ಟೆ ಮೇಲೆ ತೆಳ್ಳಗೆ ನೀರು ಹರೀತಾ ಇರುತ್ತೆ, ಮಕ್ಕಳನ್ನ ಆಡಿಸ್ತಾರೆ, ಫೋಟೋ ತೆಗೀತಾರೆ. ಮನೆಗೆ ಹೋಗಿ ಮೊಬೈಲಿನಲ್ಲಿ ಐದು ಸ್ಟಾರ್ ಒತ್ತಿ ‘ಮೊಣಕಾಲುದ್ದ ನೀರು, ಫ್ಯಾಮಿಲಿಗೆ ಸೇಫ್’ ಅಂತ ಬರೀತಾರೆ. ಅದನ್ನ ಓದಿಕೊಂಡು ಜುಲೈನಲ್ಲಿ ಇನ್ನೊಂದು ಕುಟುಂಬ ಕಾರು ಹತ್ತುತ್ತೆ. ಹೋಟೆಲಿನ ದೋಸೆಗೆ ಈ ಲೆಕ್ಕ ನಡೆಯುತ್ತೆ, ಜನವರಿ ದೋಸೆಗೂ ಜುಲೈ ದೋಸೆಗೂ ಅಂಥಾ ವ್ಯತ್ಯಾಸ ಇರಲ್ಲ. ನಮ್ಮ ಕಾವೇರಿ ಬೆಳಿಗ್ಗೆ ಇದ್ದಂಗೆ ಸಾಯಂಕಾಲ ಇರಲ್ಲ ಕಣ್ರೀ.

ಇನ್ನೊಂದು ಕಡೆ ನಮ್ಮ ಸರ್ಕಾರಿ ಬೋರ್ಡು. ‘ಅಪಾಯ, ನೀರಿಗೆ ಇಳಿಯುವುದನ್ನು ನಿಷೇಧಿಸಿದೆ.’ ಬೇಸಿಗೆಯಲ್ಲಿ ಬಂಡೆ ಒಣಗಿ ಕಾಲು ಸುಡೋವಾಗಲೂ ಅದೇ ಮಾತು, ನೀರು ಕಟ್ಟೆ ಮುಚ್ಚಿ ಕೆಂಪಗೆ ಹರಿಯೋವಾಗಲೂ ಅದೇ ಮಾತು. ವರ್ಷವಿಡೀ ಬೆಂಕಿ ಬೆಂಕಿ ಅಂತ ಕೂಗೋನ ಮಾತು ಯಾರು ಕೇಳ್ತಾರೆ? ಐದು ಸ್ಟಾರೂ ತುಕ್ಕು ಹಿಡಿದ ಬೋರ್ಡೂ ಒಂದೇ ಜಾತಿ ಅಂತೀನಿ. ಇವತ್ತು ನೀರು ಹೆಂಗಿದೆ ಅನ್ನೋದನ್ನ ಎರಡೂ ಹೇಳಲ್ಲ.

ಇವತ್ತು ನೀರು ಹೆಂಗಿದೆ ಅನ್ನೋದು ಗೊತ್ತಿಲ್ಲದ ವಿಷಯವೇನಲ್ಲ. ಮಂಡ್ಯ ಸೀಮೆಯ ಯಾವ ರೈತನನ್ನಾದರೂ ಕೇಳಿ. ಪೇಪರ್ ಬಿಡಿಸಿದ ತಕ್ಷಣ ಕಣ್ಣು ಹೋಗೋದೇ ಕೆಆರ್‌ಎಸ್ ಮಟ್ಟಕ್ಕೆ. ಗರಿಷ್ಠ 124.80 ಅಡಿ, ಇವತ್ತು ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಭತ್ತದ ಒಟ್ಲು ಹಾಕೋದೋ ಬೇಡವೋ ಅಂತ ನಾವು ಅದನ್ನ ನೋಡೇ ಲೆಕ್ಕ ಹಾಕ್ತೀವಿ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್. ಹೊರಹರಿವು 10,000 ಕ್ಯೂಸೆಕ್ ಅಂದ್ರೆ, 10,000 ಲೀಟರಿನ ನೀರಿನ ಟ್ಯಾಂಕರ್ 28ನ್ನ ಪ್ರತಿ ಸೆಕೆಂಡಿಗೂ ಸುರಿದಂಗೆ. ಒಂದ್, ಎರಡ್ ಅಂತ ಎಣಿಸಿ ನೋಡಿ, ಎಣಿಸೋದು ಮುಗಿಯೋದ್ರೊಳಗೆ 56 ಟ್ಯಾಂಕರ್ ಹೋಯ್ತು.

ಇನ್ನೊಂದು ಸಂಗತಿ ಹೊರಗಿನಿಂದ ಬಂದವರಿಗೆ ತಿಳಿಯಲ್ಲ. ಇಲ್ಲಿ ಬಿಸಿಲು ಚುರುಗುಟ್ತಾ ಇರುತ್ತೆ, ಮಳೆ ಭಾಗಮಂಡಲದಲ್ಲಿ ಹೊಡೀತಾ ಇರುತ್ತೆ. ಅಣೆಕಟ್ಟು ತುಂಬಿದ್ರೆ ಮೇಲಿಂದ ಬಂದಷ್ಟನ್ನೂ ಕೆಳಗೆ ಬಿಡಲೇಬೇಕು. ಮೋಡ ನೋಡಿ ನದಿಗೆ ಇಳಿಯೋನು ತಪ್ಪು ಜಾಗದ ಮೋಡ ನೋಡ್ತಾ ಇದ್ದಾನೆ.

ಕಟ್ಟೆ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಬಲಮುರಿಯಂಥಾ ಕಡೆ ಜನ ಇಳಿಯೋದೇ ಅಲ್ಲಿ. ಕಟ್ಟೆ ಮೇಲಿಂದ ಬಿದ್ದ ನೀರು ಬುಡಕ್ಕೆ ಹೋಗಿ, ಎದ್ದು, ಮೇಲ್ಭಾಗದಲ್ಲಿ ಮತ್ತೆ ಕಟ್ಟೆ ಕಡೆಗೇ ತಿರುಗುತ್ತೆ. ನೀರು ಕಮ್ಮಿ ಇದ್ದಾಗ ಅದು ಆಟ. ಜಾಸ್ತಿಯಾದಾಗ ಅದೇ ಜಾಗ ಮನುಷ್ಯನನ್ನ ಉರುಳಿಸಿ ಉರುಳಿಸಿ ಹಿಡಿದುಕೊಳ್ಳುತ್ತೆ. ನೊರೆಯಲ್ಲಿ ಅರ್ಧ ಗಾಳಿ, ಅದರಲ್ಲಿ ತೇಲೋದು ಕಷ್ಟ, ಈಜು ಬಂದೋನೂ ಸೋಲ್ತಾನೆ. ಜೊತೆಗೆ ಪಾಚಿ ಕಟ್ಟಿದ ಕಲ್ಲು, ಮರಳು ತೆಗೆದ ಗುಂಡಿ. ದಡದಲ್ಲಿ ನಿಂತೋನಿಗೆ ಕಾಣೋದು ಬರೀ ಬೆಳ್ಳನೆ ಚೆಂದ.

ಆಮೇಲೆ ಫೋನ್ ಬರೋದು ನಮಗೆ. ಈಜೋರು ಯಾರಿದ್ದೀರಿ, ತೆಪ್ಪ ಯಾರತ್ರ ಇದೆ ಅಂತ. ಕಬ್ಬು ಕಡಿಯೋದು ಬಿಟ್ಟು ಓಡಬೇಕು. ಹುಡುಕೋದು ಹೆಂಗೋ ಹುಡುಕ್ತೀವಿ, ದಡದಲ್ಲಿ ಒದ್ದೆ ಚಪ್ಪಲಿ ಹಿಡಕೊಂಡು ಕೂತಿರೋ ತಾಯಿ ಮುಂದೆ ಹಾದು ಬರೋದಿದೆಯಲ್ಲ, ಅದು ಆಗಲ್ಲ.

‘ಕುಡಿದು ಬರ್ತಾರೆ, ಅನುಭವಿಸ್ತಾರೆ ಬಿಡಣ್ಣ’ ಅನ್ನೋರಿದ್ದಾರೆ. ಕುಡಿದು ಬರೋರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಕುಡಿಯದೇ, ಮಗಳ ಕೈ ಹಿಡಕೊಂಡು ಇಳಿಯೋ ಅಪ್ಪನಿಗೂ ಇವತ್ತಿನ ಹೊರಹರಿವು ಎಷ್ಟು ಅಂತ ಹೇಳೋರು ಯಾರೂ ಇಲ್ಲ.

ಇದೇನು ಆಗದ ಕೆಲಸವೂ ಅಲ್ಲ. ರಂಗನತಿಟ್ಟಿನಲ್ಲಿ ಹೊರಹರಿವು ಜಾಸ್ತಿಯಾದರೆ ದೋಣಿವಿಹಾರ ನಿಲ್ಲಿಸ್ತಾರೆ, ಇಳಿದ ಮೇಲೆ ಮತ್ತೆ ಶುರು. ಅದೇ ನದಿ, ಅದೇ ನೀರು. ರ‍್ಯಾಫ್ಟಿಂಗ್‌ನವರು ರಭಸಕ್ಕೆ ಒಂದರಿಂದ ಆರರವರೆಗೆ ದರ್ಜೆ ಇಟ್ಟುಕೊಂಡಿದ್ದಾರೆ, ನೀರಿನ ಪ್ರಮಾಣ ಬದಲಾದರೆ ಅದೇ ಜಾಗದ ದರ್ಜೆಯೂ ಬದಲಾಗುತ್ತೆ ಅನ್ನೋದು ಅವರಿಗೆ ಗೊತ್ತು. ಗಣೇಶಗುಡಿಯಲ್ಲಿ ಕಾಳಿ ನದಿಯ ರ‍್ಯಾಫ್ಟ್ ಇಳಿಯೋದು ಸೂಪಾದಿಂದ ನೀರು ಬಿಟ್ಟರೆ ಮಾತ್ರ. ದುಡ್ಡು ತಗೊಂಡು ಇಳಿಸೋ ಕಡೆ ಲೆಕ್ಕ ಇದೆ. ಬಿಟ್ಟಿ ಇಳಿಯೋ ಬಡವರ ಕಡೆ ಸ್ಟಾರ್ ಇದೆ.

ಇನ್ನು ನೀರು ಕೊಳಕೋ ಚೊಕ್ಕಟವೋ ಅನ್ನೋದು ಬೇರೆಯದೇ ಲೆಕ್ಕ, ಇದನ್ನೂ ಅದನ್ನೂ ಕಲಸಬಾರದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರಿಗೆ ಎ ಯಿಂದ ಇ ವರೆಗೆ ಐದು ದರ್ಜೆ ಮಾಡಿದೆ. ಮುಳುಗಿ ಸ್ನಾನ ಮಾಡೋಕೆ ಬಿ ಬೇಕು: ಲೀಟರಿಗೆ ಕರಗಿದ ಆಮ್ಲಜನಕ 5 ಮಿಲಿಗ್ರಾಂಗಿಂತ ಕಮ್ಮಿ ಇರಬಾರದು, ಬಿಓಡಿ 3 ದಾಟಬಾರದು, 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ 500 ಮೀರಬಾರದು. ಬಿಓಡಿ 3 ದಾಟಿದ ನದಿಭಾಗಗಳನ್ನ 2018ರಲ್ಲಿ ಪಟ್ಟಿ ಮಾಡಿದಾಗ ದೇಶದಲ್ಲಿ 351 ಸಿಕ್ಕಿದವು, ಕರ್ನಾಟಕದ್ದು 17, ಅದರಲ್ಲಿ ಕಾವೇರಿಯೂ ಇದ್ದಳು. ಈ ಸಂಖ್ಯೆ ಯಾವ ಸ್ನಾನಘಟ್ಟದ ಮೆಟ್ಟಿಲ ಮೇಲೆ ಬರೆದಿದ್ದಾರೆ ಹೇಳಿ? ಇಂಗ್ಲೆಂಡಿನಲ್ಲಿ ಸ್ನಾನದ ಜಾಗ ಅಂತ ಗುರುತಿಸಿದ ಕಡೆ ನೀರಿನ ದರ್ಜೆಯ ಬೋರ್ಡನ್ನ ಅಲ್ಲೇ ಹಾಕಬೇಕು ಅಂತ ನಿಯಮ ಇದೆ. ನಮ್ಮಲ್ಲಿ ದರ್ಜೆ ಕಡತದಲ್ಲಿ, ಜನ ನೀರಲ್ಲಿ. (ಕೊನೇ ದರ್ಜೆ ಇ ಯಾತಕ್ಕೆ ಗೊತ್ತಾ? ನೀರಾವರಿ, ಕಾರ್ಖಾನೆ ತಂಪು ಮಾಡೋದು, ತ್ಯಾಜ್ಯ ವಿಲೇವಾರಿ. ಅನ್ನ ಬೆಳೆಯೋನನ್ನ ಯಾರ ಜೊತೆ ಕೂರಿಸಿದ್ದಾರೆ ನೋಡಿಕೊಳ್ಳಿ. ಅದರ ಜಗಳ ಇನ್ನೊಂದು ದಿನ.)

ಕೆರೆಗಳ ಮಾತು ಬೇರೆ, ಅಲ್ಲಿ ಸೆಳೆತ ಇಲ್ಲ. ನೀರು ಹಸಿರು ಪೇಂಟ್ ಕದಡಿದಂಗೆ ಕಂಡರೆ ಮಕ್ಕಳನ್ನೂ ಬಿಡಬೇಡಿ, ದನವನ್ನೂ ಬಿಡಬೇಡಿ. ಆ ಪಾಚಿಯಲ್ಲಿ ವಿಷದ ಜಾತಿಯೂ ಇರುತ್ತೆ.

ಅಧಿಕಾರಿಗಳ ಹತ್ತಿರ ಮಾತಾಡಿದಾಗ ಒಂದೇ ಉತ್ತರ: ‘ಇವತ್ತು ಇಳಿಯಬಹುದು ಅಂತ ಬರೆದು ಯಾರಾದ್ರೂ ಸತ್ರೆ ಹೊಣೆ ಯಾರು?’ ಸ್ವಾಮಿ, ಈಗ ಸಾಯ್ತಾ ಇರೋರ ಹೊಣೆ ಯಾರು? ವರ್ಷವಿಡೀ ನಿಷೇಧ ಅಂತ ಬರೆದು ಕೈ ತೊಳಕೊಳ್ಳೋದು ಕಡತಕ್ಕೆ ರಕ್ಷಣೆ, ಮನುಷ್ಯನಿಗಲ್ಲ. ಪೂರ್ತಿ ಬೇಲಿ ಹಾಕೋದೂ ಬೇಡ. ದಡದಲ್ಲಿ ಮೀನು ಕರಿದು, ಜೋಳ ಸುಟ್ಟು ಮಾರೋ ನಮ್ಮೂರ ಹೆಂಗಸರ ಸಂಸಾರ ಅಲ್ಲೇ ನಡೀತಿದೆ.

ಬೇಕಾಗಿರೋದು ಇಷ್ಟೇ. ಜನ ಇಳಿಯೋ ಪ್ರತಿ ಜಾಗದಲ್ಲೂ ಅಡಿ ಗುರುತಿನ ಕಂಬ, ಹಸಿರು ಹಳದಿ ಕೆಂಪು. ನದಿಪಾತ್ರದವರಿಗೆ ಎಚ್ಚರಿಕೆ ಕೊಡೋ ಹೊತ್ತಿಗೇ ಅಣೆಕಟ್ಟಿನಿಂದ ಈ ದಡಕ್ಕೂ ಒಂದು ಫೋನ್. ನಾಲೆಗೆ ನೀರುಗಂಟಿ ಇದ್ದಂಗೆ ಇಲ್ಲೂ ಒಬ್ಬ, ಕೈಯಲ್ಲಿ ಸೀಟಿ, ಎಲ್ಲರನ್ನೂ ಮೇಲೆ ಹತ್ತಿಸೋ ಅಧಿಕಾರ. ನೀರಿನ ದರ್ಜೆಗೆ ಬೇರೆ ಹಲಗೆ, ಮಾದರಿ ತೆಗೆದ ತಾರೀಖಿನ ಸಮೇತ.

ನಮ್ಮೂರ ಕಟ್ಟೆ ಕೆಳಗೆ ಒಂದು ಬಂಡೆ ಇದೆ. ಅದರ ನೆತ್ತಿ ಮುಳುಗಿದ್ರೆ ಹಳಬರು ಎಮ್ಮೆ ಕೂಡ ಇಳಿಸ್ತಿರಲಿಲ್ಲ. ಕಂಬ ಬರೋ ತನಕ ಆ ಬಂಡೆಗಾದರೂ ಬಣ್ಣದ ಗುರುತು ಹಾಕಿಸಿ ಅಂತ ಮುಂದಿನ ಗ್ರಾಮಸಭೆಗೆ ಅರ್ಜಿ ಬರೆದಿದ್ದೀನಿ. ಬಣ್ಣದ ಖರ್ಚು ನನ್ನದು. ಗೆರೆ ಎಲ್ಲಿ ಎಳೀಬೇಕು ಅಂತ ಮಾತ್ರ ನೀರಾವರಿ ಇಂಜಿನಿಯರ್ ಬಂದು ಅಳತೆ ಮಾಡಿ ತೋರಿಸಬೇಕು, ಅದನ್ನ ಅಂದಾಜಿನ ಮೇಲೆ ಎಳೆಯೋಕೆ ನಾನು ಒಪ್ಪಲ್ಲ.